ನಾಸಿಕಕ್ಕೆ ಬಂದ ಅಸಿಸ್ಟೆಂಟ್ ಇಂಜಿನಿಯರು

ಕಳೆದ ಸಂಚಿಕೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಪ್ರಸ್ತಾಪವನ್ನು ಅರ್ಧಕ್ಕೇ ನಿಲ್ಲಿಸಿದ್ದೆವು. ಉಳಿದರ್ಧವನ್ನು ಈ ಸಲ ಪೂರೈಸುವೆವೆಂದು ನಂಬಿಕೊಂಡಿದ್ದ ವಾಚಕರು ಕ್ಷಮಿಸಬೇಕು. ನಡುವೆ ಒಂದು ಪುಸ್ತಕ ಬಂದು ನಮ್ಮ ಮೇಜಿನ ಮೇಲೆ ಕೂತುಬಿಟ್ಟಿತು, ಎಬ್ಬಿಸಲು ಆಗಲಿಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರು ತಮ್ಮ ವೃತ್ತಿಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದು 1951ರಲ್ಲಿ ಪ್ರಕಟಿಸಿದರು. ಆ ಪುಸ್ತಕವೇ ಇದು. ಮೈಸೂರು ಪೇಟ ಧರಿಸಿದ ಆ ಮಹನೀಯರ ಪಟ ಯಾವ ಕನ್ನಡ ಸಂಘದ ಗೋಡೆಯ ಮೇಲಿಲ್ಲ? ಪ್ರತಿ ಸೆಪ್ಟೆಂಬರ್ 15ರಂದು ಹೂವಿನ ಹಾರ ಹಾಕುತ್ತೇವೆ, ಇಂಜಿನಿಯರರ ದಿನವೆಂದು ಭಾಷಣ ಮಾಡುತ್ತೇವೆ, ಉಪ್ಪಿಟ್ಟು ತಿಂದು ಮನೆಗೆ ಹೋಗುತ್ತೇವೆ. ನಾವೇ ಎರಡು ಸಲ ಭಾಷಣ ಮಾಡಿದ್ದೇವೆ. ಎರಡು ಸಲವೂ ಪುಸ್ತಕ ಓದಿರಲಿಲ್ಲ. ಈ ಮಾತನ್ನು ಇಷ್ಟು ಕಾಲ ಮುಚ್ಚಿಟ್ಟಿದ್ದೆವು. ಈಗ ಬಿಚ್ಚಿ ಹೇಳಿದ್ದೇವೆ.

ಓದಲು ಕೂತ ಮೊದಲ ಸಂಜೆ ನಿರಾಶೆಯಾಯಿತೆಂದೇ ಹೇಳಬೇಕು. ಸರಕಾರಿ ಕೆಲಸಕ್ಕೆ ಒಂದು ಮೇಣದಬತ್ತಿ, ಸ್ವಂತದ್ದಕ್ಕೆ ಇನ್ನೊಂದು ಎಂಬ ಕಥೆಯನ್ನು ನಾವು ಭಾಷಣದಲ್ಲಿ ಎಷ್ಟು ರಸವತ್ತಾಗಿ ಹೇಳಿದ್ದೆವು! ಅದನ್ನು ಹುಡುಕಿದೆವು, ಕಣ್ಣಿಗೆ ಬೀಳಲಿಲ್ಲ. ಮನೆ, ಮಂದಿ, ಸುಖದುಃಖ ಎಂಬುವು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಕಾಲುವೆ, ಕೊಳವೆ, ಕಟ್ಟೆ, ಕಮಿಟಿ. ನಿಕೊಲಾ ಟೆಸ್ಲಾ ಎಂಬ ಮಹಾಶಯ 1919ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ತನ್ನ ಸಂಶೋಧನೆಗಳ ಕಥೆಯನ್ನು ಬರೆದಿದ್ದಾನೆ. ಬುಡಾಪೆಸ್ಟಿನ ಉದ್ಯಾನದಲ್ಲಿ ಸೂರ್ಯಾಸ್ತವನ್ನು ನೋಡುತ್ತ ಗಯಟೆಯ ಪದ್ಯ ಹೇಳಿಕೊಳ್ಳುವಾಗ ವಿದ್ಯುತ್ ಮೋಟಾರಿನ ಕಲ್ಪನೆ ಮಿಂಚಿನಂತೆ ಹೊಳೆಯಿತಂತೆ. ಓದುವವರಿಗೆ ಮೈ ಜುಮ್ಮೆನ್ನುತ್ತದೆ. ನಮ್ಮ ಸರ್ ಎಂ. ವಿ. ಅವರಿಗೆ ಮಿಂಚು ಹೊಡೆದಂತೆ ಎಲ್ಲಿಯೂ ಕಾಣುವುದಿಲ್ಲ. ಒಂದು ತೊಂದರೆ ಇತ್ತು, ಹೀಗೆ ಮಾಡಿದೆ, ಇಷ್ಟು ಖರ್ಚಾಯಿತು. ಮುಂದಿನ ಪುಟ.

ಆದರೂ ಪುಸ್ತಕ ಕೆಳಗಿಡಲಿಲ್ಲ. ಕಾರಣ ನಮ್ಮ ಊರೇ. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಓದಿ, 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದ ಆ ತರುಣ, 1884ರಲ್ಲಿ ಮುಂಬಯಿ ಇಲಾಖೆಯ ಲೋಕೋಪಯೋಗಿ ಖಾತೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರಾಗಿ ಮೊದಲು ಬಂದದ್ದು ಎಲ್ಲಿಗೆ ಗೊತ್ತೆ? ನಮ್ಮ ನಾಸಿಕಕ್ಕೆ! ಗೋದಾವರಿಯ ದಂಡೆಯ ಈ ಊರಿನಲ್ಲಿ ನೌಕರಿಗಾಗಿ ಬಂದಿಳಿದ ಕನ್ನಡಿಗರು ನಾವೆಂದು ನಮ್ಮ ಹಿರಿಯರು ಆಗಾಗ ಹೆಮ್ಮೆಪಡುವುದುಂಟು. ಅವರೆಲ್ಲರಿಗಿಂತ ಮೊದಲೇ ಇಪ್ಪತ್ತೆರಡು ಇಪ್ಪತ್ತಮೂರರ ಒಬ್ಬ ಹುಡುಗ ಮುದ್ದೇನಹಳ್ಳಿಯಿಂದ ಹೊರಟು, ಪುಣೆಯ ಮಾರ್ಗವಾಗಿ, ಇಲ್ಲಿಗೆ ಬಂದಿದ್ದ. ಇಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಖಾನದೇಶಕ್ಕೆ, ಧುಳೆಯ ಕಡೆಗೆ, ಕಳಿಸಿದರು.

ಅಲ್ಲಿ ನಡೆದ ಸಂಗತಿಯನ್ನು ನಾವು ಎರಡು ಸಲ ಓದಿದೆವು. ಪಾಂಝರಾ ನದಿಯ ಒಂದು ಕಾಲುವೆಗೆ ಸೈಫನ್ ಕೊಳವೆ ಹಾಕಬೇಕಿತ್ತು. ನೀರು ಒಂದು ದಡದಲ್ಲಿ ಕೊಳವೆಯೊಳಗೆ ಇಳಿದು, ಕೆಳಗಿನಿಂದ ಹಾದು, ಇನ್ನೊಂದು ದಡದಲ್ಲಿ ತಾನಾಗಿಯೇ ಮೇಲಕ್ಕೇರಬೇಕು. ಆಚೆಯ ಬಾಯಿ ಈಚೆಯ ಬಾಯಿಗಿಂತ ಕೊಂಚ ತಗ್ಗಿನಲ್ಲಿದ್ದರೆ ಸರಿ, ಪಂಪು ಬೇಡ. ಕೆಲಸ ಹಿಡಿದೊಡನೆ ಮಳೆ ಜೋರಾಯಿತು, ಹೊಳೆಗೆ ನೀರು ಬಂತು, ಅಗೆದದ್ದರ ಮೇಲೆ ಮರಳು ಬಂದು ಕೂತಿತು. ಮಳೆಗಾಲ ಮುಗಿದ ಮೇಲೆ ಮಾಡೋಣವೆಂದು ಹುಡುಗ ಮೇಲಧಿಕಾರಿಗೆ ಬರೆದ. ಮೇಲಧಿಕಾರಿಗೆ ಅದು ಹಿಡಿಸಲಿಲ್ಲ; ಶಿಸ್ತು ಸಾಲದೆಂಬ ಅರ್ಥದ ಉತ್ತರ ಬಂತು. ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಅಂಥ ಕಾಗದ ಎಂಥ ಪೆಟ್ಟು ಎಂಬುದನ್ನು, ಕಾರಖಾನೆಗೆ ಮಕ್ಕಳನ್ನು ಕಳಿಸಿರುವ ನಮ್ಮ ತಾಯಂದಿರಿಗೆ ವಿವರಿಸಬೇಕಿಲ್ಲ. ಹುಡುಗ ಏನೆಂದುಕೊಂಡ, ರಾತ್ರಿ ನಿದ್ದೆ ಬಂತೆ? ಪುಸ್ತಕ ಹೇಳುವುದಿಲ್ಲ. ಹೊಳೆಯಲ್ಲಿ ನಿಂತು ಆ ಮಳೆಯಲ್ಲೇ ಕೆಲಸ ಮುಗಿಸಿದ ಎಂಬುದಷ್ಟೇ ನಮಗೆ ಗೊತ್ತಾಗುತ್ತದೆ.

ಮುಂದೆ ಸಿಂಧ್ ಪ್ರಾಂತ್ಯದ ಸಕ್ಕರಿಗೆ ಹೋದರು. ಸಿಂಧೂ ನದಿಯ ನೀರು ಬರೀ ಕೆಸರು; ಸೋಸುವ ಹಾಸುಗಳನ್ನು ಕಟ್ಟಲು ಊರಿನ ಮುನಸಿಪಾಲಿಟಿಯ ಬಳಿ ದುಡ್ಡಿಲ್ಲ. ಇವರು ನದಿಯ ಪಾತ್ರದಲ್ಲೇ, ದಂಡೆಯ ಬಳಿ, ಬಾವಿ ತೋಡಿಸಿದರು. ಮರಳು ತಾನೇ ನೀರನ್ನು ಸೋಸಿಕೊಟ್ಟಿತು. ಇದನ್ನು ಓದಿದಾಗ ನಮ್ಮ ಮನೆಯವರು, "ಇದಕ್ಕೆ ಇಂಜಿನಿಯರು ಬೇಕೆ? ನಮ್ಮ ಹಳ್ಳಿಯಲ್ಲಿ ಬೇಸಿಗೆಯಲ್ಲಿ ಹೆಂಗಸರೆಲ್ಲ ಹೊಳೆಯಲ್ಲಿ ವರತೆ ತೋಡಿ ನೀರು ತುಂಬುತ್ತಿದ್ದರು" ಎಂದರು. ನಾವು ಒಪ್ಪಿಕೊಂಡೆವು.

ಇನ್ನು ಪ್ರಸಿದ್ಧವಾದ ಬಾಗಿಲಿನ ಕಥೆ. ಪುಣೆಯ ಹತ್ತಿರದ ಖಡಕವಾಸಲಾ ಕೆರೆಯಲ್ಲಿ ಪ್ರತಿ ಮಳೆಗಾಲವೂ ಹೆಚ್ಚಿನ ನೀರು ಕೋಡಿ ಬಿದ್ದು ಹೋಗುತ್ತಿತ್ತು, ಬೇಸಿಗೆಯಲ್ಲಿ ಸಾಲದು. ಒಡ್ಡನ್ನು ಎತ್ತರಿಸುವುದು ದೊಡ್ಡ ಖರ್ಚಿನ ಬಾಬು. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಕಬ್ಬಿಣದ ಬಾಗಿಲುಗಳನ್ನು ಕೂಡಿಸಿ ಎಂಟು ಅಡಿಯಷ್ಟು ಹೆಚ್ಚಿನ ನೀರು ನಿಲ್ಲಿಸಿದರು. ಆದರೆ ನಡುರಾತ್ರಿ ಮಹಾಪೂರ ಬಂದರೆ ಬಾಗಿಲು ತೆಗೆಯುವವರು ಯಾರು? ಅದೇ ಇದರ ಸ್ವಾರಸ್ಯ. ಮಟ್ಟ ಮೀರಿದ ನೀರೇ ಬಾಗಿಲುಗಳನ್ನು ಎತ್ತುತ್ತದೆ. ನೀರು ಇಳಿದೊಡನೆ ಅವು ತಾವಾಗಿ ಮುಚ್ಚಿಕೊಳ್ಳುತ್ತವೆ. ಕಾವಲುಗಾರ ಮಲಗಿದ್ದರೂ ಚಿಂತೆಯಿಲ್ಲ. 1903ರಲ್ಲಿ ಇದಕ್ಕೆ ಪೇಟೆಂಟು ತೆಗೆದುಕೊಂಡರು. ಗ್ವಾಲಿಯರಿನ ತಿಗರಾ ಕಟ್ಟೆಗೂ ಆಮೇಲೆ ನಮ್ಮ ಕನ್ನಂಬಾಡಿಗೂ ಅಂಥವೇ ಬಾಗಿಲುಗಳು ಬಂದವು. ಬಳಸಿದ್ದಕ್ಕೆ ರಾಯಲ್ಟಿ ಕೊಡುವ ಮಾತು ಬಂದಾಗ ಅವರು ಬೇಡವೆಂದರು. ನೌಕರಿಯಲ್ಲಿದ್ದು ಮಾಡಿದ ಕೆಲಸ, ಅದಕ್ಕೆ ಬೇರೆ ಹಣವೇಕೆಂಬುದು ಅವರ ವಾದ.

ಇಷ್ಟು ಓದಿದ ಕೂಡಲೇ ನಮಗೆ ಸೋದರಳಿಯನ ನೆನಪಾಯಿತು. ಅವನಿಗೆ ಹೇಳತಕ್ಕ ಮಾತು ಸಿಕ್ಕಿತೆಂದು ಸಂತೋಷವಾಯಿತು. ಪುಸ್ತಕವನ್ನು ಚೀಲಕ್ಕೆ ಹಾಕಿ ಶನಿವಾರದ ಬಸ್ಸಿಗೆ ಛತ್ರಪತಿ ಸಂಭಾಜಿನಗರಕ್ಕೆ ಹೊರಟೆವು.

ನಮ್ಮ ತಂಗಿಯ ಮನೆ ಅಲ್ಲಿ. ಔರಂಗಾಬಾದ್ ಎಂದು ಹೆಸರಿದ್ದ ಕಾಲದಿಂದಲೂ ಅಲ್ಲಿಯೇ ಇದ್ದಾಳೆ. ಅವಳ ಮಗ ವಾಳೂಜಿನ ಒಂದು ಕಾರಖಾನೆಯಲ್ಲಿ ಕೆಲಸಕ್ಕಿದ್ದಾನೆ. ಡ್ರಿಲ್ ಮಾಡುವಾಗ ತುಂಡನ್ನು ಬಿಗಿಹಿಡಿಯುವ ಒಂದು ಜಿಗ್ಗನ್ನು ಅವನು ಹೊಸ ರೀತಿಯಲ್ಲಿ ಯೋಚಿಸಿ ಮಾಡಿದ. ತುಂಡನ್ನು ಎರಡು ಸಲ ತಿರುಗಿಸಿ ಕೂಡಿಸುವ ಬದಲು ಒಂದೇ ಸಲಕ್ಕೆ ಕೆಲಸವಾಗುವಂತಾಯಿತು. ಕಾರಖಾನೆಯಲ್ಲಿ ಸಭೆಯಾಯಿತು, ಬಹುಮಾನ ಬಂತು. ಪ್ರಶಸ್ತಿಪತ್ರದಲ್ಲಿದ್ದದ್ದು ಅವನ ಮೇಲಿನವರ ಹೆಸರು. ಇವನಿಗೆ ಸಿಕ್ಕದ್ದು ಸ್ಟೀಲಿನ ಒಂದು ಟಿಫಿನ್ ಡಬ್ಬಿ. ಅಂದಿನಿಂದ ಹುಡುಗ ಮನೆಯಲ್ಲಿ ಸರಿಯಾಗಿ ಮಾತಾಡುತ್ತಿಲ್ಲ, ನೌಕರಿ ಬಿಡುತ್ತೇನೆನ್ನುತ್ತಾನೆ ಎಂದು ತಂಗಿ ಫೋನಿನಲ್ಲಿ ಅತ್ತಿದ್ದಳು.

ಊಟವಾದ ಮೇಲೆ ನಾವು ಪುಸ್ತಕ ತೆಗೆದು, ಗಂಟಲು ಸರಿಪಡಿಸಿಕೊಂಡು, ರಾಯಲ್ಟಿಯ ಭಾಗವನ್ನು ವಿವರಿಸಿದೆವು. ಸಂಘದ ವೇದಿಕೆಯ ಮೇಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಹುಡುಗ ಕೇಳಿ ಮುಗಿಸಿ ಹೇಳಿದ:

"ಮಾಮಾ, ಅವರಿಗೆ ಸರಕಾರಿ ನೌಕರಿ ಇತ್ತು, ಪೆನ್ಶನ್ ಇತ್ತು. ನಂದು ಕಾಂಟ್ರ್ಯಾಕ್ಟ್ ಅದ, ಅದು ಇರಲಿ. ಪೇಟೆಂಟ್ ಯಾರ ಹೆಸರಲೆ ಇತ್ತು?"

"ಅವರ ಹೆಸರಿನಲ್ಲೇ."

"ಮತ್ತ! ರೊಕ್ಕ ಬ್ಯಾಡ ಅಂದ್ರು, ಹೆಸರು ಬ್ಯಾಡ ಅನ್ನಲಿಲ್ಲಲ್ಲ. ನಾನೂ ರೊಕ್ಕ ಕೇಳಿಲ್ಲ."

ನಾವು ಪುಸ್ತಕ ಮುಚ್ಚಿದೆವು. ಇದಕ್ಕೆ ಉತ್ತರ ನಮ್ಮಲ್ಲಿರಲಿಲ್ಲ, ಈಗಲೂ ಇಲ್ಲ. ಇಷ್ಟು ವರ್ಷ ತ್ಯಾಗದ ಕಥೆಯೆಂದು ಹೇಳುತ್ತ ಬಂದದ್ದರಲ್ಲಿ ಪೇಟೆಂಟು ತೆಗೆದುಕೊಂಡದ್ದೂ ಒಂದು ಸಂಗತಿ ಎಂಬುದನ್ನು ನಾವು ಲಕ್ಷ್ಯಕ್ಕೇ ತಂದಿರಲಿಲ್ಲ. ತಾನು ಮಾಡಿದ್ದು ತನ್ನದೆಂದು ಕಾಗದದ ಮೇಲೆ ಇರಬೇಕು ಎಂಬಷ್ಟು ಆ ಮಹನೀಯರಿಗೂ ಅನ್ನಿಸಿತ್ತು.

ಮಾತು ಬದಲಿಸಲು ತಂಗಿಯೇ ನೀರಿನ ವಿಷಯ ತೆಗೆದಳು. ಅವಳೂರಿನಲ್ಲಿ ಮಾತು ಬದಲಿಸುವುದೆಂದರೆ ನೀರಿಗೆ ಬರುವುದೇ. ನಲ್ಲಿಯ ನೀರನ್ನು ದಿನಗಳ ಲೆಕ್ಕದಲ್ಲಿ ಕಾದು ಎಷ್ಟೋ ವರ್ಷ ಕಳೆದ ಊರು ಅದು. ಪೈಠಣದ ಜಾಯಕವಾಡಿ ಜಲಾಶಯದಿಂದ ಅವರಿಗೆ ನೀರು. ಆ ಜಲಾಶಯಕ್ಕೆ ನೀರು ಬರುವುದು ಮೇಲಿನಿಂದ, ಅಂದರೆ ನಮ್ಮ ನಾಸಿಕದ ಕಡೆಯಿಂದ. "ನಿಮ್ಮವರು ಮ್ಯಾಲೆ ಕಟ್ಟಿ ಕಟ್ಟಿ ಹಿಡಕೊಂಡ್ರ ನಾವು ಏನು ಕುಡೀಬೇಕಣ್ಣಾ?" ಎಂದು ಪ್ರತಿ ಬರಗಾಲದಲ್ಲೂ ನಮ್ಮನ್ನೇ ಕೇಳುತ್ತಾಳೆ, ಗಂಗಾಪುರದ ಕಟ್ಟೆಯ ಬೀಗದಕೈ ನಮ್ಮ ಜೇಬಿನಲ್ಲಿದೆಯೋ ಎಂಬಂತೆ. 2013ರಲ್ಲಿ ಮೇಂಢೇಗಿರಿ ಸಮಿತಿ ಇದಕ್ಕೊಂದು ಲೆಕ್ಕ ಹಾಕಿಕೊಟ್ಟಿತು. ಅಕ್ಟೋಬರ್ 15ರಂದು ಜಾಯಕವಾಡಿಯಲ್ಲಿ ಬಳಕೆಯ ನೀರು ನೂರಕ್ಕೆ 65ಕ್ಕಿಂತ ಕಡಿಮೆಯಿದ್ದರೆ ಮೇಲಿನವರು ಬಿಡಬೇಕು. 2023ರಲ್ಲಿ ಹಾಗೆಯೇ ನಾಸಿಕ, ಅಹಿಲ್ಯಾನಗರಗಳ ಕಟ್ಟೆಗಳಿಂದ 8.6 ಟಿ. ಎಂ. ಸಿ. ನೀರು ಬಿಡಬೇಕೆಂದು ಆಜ್ಞೆಯಾದಾಗ ಇಲ್ಲಿ ನಮ್ಮ ನೆರೆಹೊರೆಯ ದ್ರಾಕ್ಷಿ ಬೆಳೆಗಾರರು ಸಿಟ್ಟಾದರು, ಅಲ್ಲಿ ತಂಗಿ ಸಿಹಿ ಮಾಡಿದಳು. ಒಂದೇ ನದಿ, ನಾವು ತಲೆಯವರು, ಅವಳು ಬಾಲದವಳು.

ವಿಶ್ವೇಶ್ವರಯ್ಯನವರ ಪುಸ್ತಕದಲ್ಲಿ ಇದಕ್ಕೂ ಒಂದು ಅಧ್ಯಾಯದಷ್ಟು ಮಾತಿದೆ, ನಮಗೆ ಬಾಗಿಲಿಗಿಂತ ಇದೇ ದೊಡ್ಡ ಸಂಶೋಧನೆಯೆಂದು ತೋರಿತು. ಪುಣೆಯ ಕಡೆಯ ನೀರಾ ಕಾಲುವೆಯಲ್ಲಿ ತಲೆಯ ಕಡೆಯ ಊರಿನವರು ಕಬ್ಬಿಗೆ ಬೇಕಾದಷ್ಟು ನೀರು ಹರಿಸಿ ಭೂಮಿಯನ್ನು ಜೌಗು ಮಾಡಿಕೊಳ್ಳುತ್ತಿದ್ದರು; ಬಾಲದ ಊರಿಗೆ ನೀರೇ ಇಲ್ಲ. 1899ರ ಸುಮಾರಿಗೆ ಇವರು ಯೋಜಿಸಿದ ಬ್ಲಾಕ್ ಪದ್ಧತಿಯಲ್ಲಿ ಪ್ರತಿ ಊರಿಗೂ ನೀರು ಹರಿಯುವ ತುಂಡು ಗೊತ್ತು ಮಾಡಿ, ಅದರಲ್ಲಿ ಮೂರರಲ್ಲಿ ಒಂದು ಪಾಲಿಗೆ ಮಾತ್ರ ಕಬ್ಬು, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ, ಮತ್ತು ಸರದಿಯಂತೆ ಬದಲಾವಣೆ. ಕಬ್ಬಿನ ರೈತರು ಒಪ್ಪುವರೆ? ಕೂಗೆದ್ದಿತು, ಪತ್ರಿಕೆಗಳೂ ಬೈದವು. ಇವರು ರೈತರನ್ನು ಕೂಡಿಸಿ ಮಾತಾಡಿ ಒಪ್ಪಿಸಿದರು. ಇದನ್ನು ಓದಿ ಹೇಳಿದಾಗ ತಂಗಿ, "ಹಂಗಾರ ಅವರ ಪಟ ನಮ್ಮನ್ಯಾಗೂ ಹಾಕೋಣ" ಎಂದಳು. ಈ ಪದ್ಧತಿಗೆ ಪೇಟೆಂಟು ಇರಲಿಲ್ಲ; ಅಳಿಯನಿಗೆ ಅದನ್ನು ಹೇಳಲು ನಾವು ಬಾಯಿ ತೆರೆದು, ಬೇಡವೆಂದು ಮುಚ್ಚಿಕೊಂಡೆವು.

ಭಾನುವಾರ ಬೆಳಿಗ್ಗೆ ಹುಡುಗನೇ, "ಬರ್ರಿ ಮಾಮಾ, ನಿಮ್ಮ ಸೈಫನ್ ತೋರಸ್ತೀನಿ" ಎಂದು ಸ್ಕೂಟರಿನ ಮೇಲೆ ಪನ್‌ಚಕ್ಕಿಗೆ ಕರೆದುಕೊಂಡು ಹೋದ. ಬಾಬಾ ಶಾ ಮುಸಾಫಿರರ ದರ್ಗಾದ ಅಂಗಳದಲ್ಲಿರುವ ನೀರಿನ ಗಿರಣಿ. ಎಲ್ಲೋ ದೂರದ ಬೆಟ್ಟದ ಒರತೆಯ ನೀರನ್ನು ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ತಂದು, ಇಲ್ಲಿ ಮೇಲಕ್ಕೇರಿಸಿ, ಬೀಳಿಸಿ, ಚಕ್ರ ತಿರುಗಿಸಿ, ಫಕೀರರಿಗೂ ಯಾತ್ರಿಕರಿಗೂ ಹಿಟ್ಟು ಬೀಸುತ್ತಿದ್ದರು. 18ನೆಯ ಶತಮಾನದ ಕೆಲಸ. ಅದಕ್ಕೂ ನೂರು ವರ್ಷ ಮೊದಲೇ ಮಲಿಕ್ ಅಂಬರ್ ಈ ಊರಿಗೆ ನೆಲದಡಿಯ ಕಾಲುವೆ ತಂದಿದ್ದ. ಧುಳೆಯ ಹೊಳೆಯಲ್ಲಿ ನಿಂತ ಹುಡುಗ ಈ ಕೊಳವೆಗಳನ್ನು ನೋಡಿದ್ದನೋ ಇಲ್ಲವೋ, ನೋಡಿದ್ದರೆ ಅಳತೆ ತೆಗೆಯದೆ ಬಿಡುತ್ತಿರಲಿಲ್ಲ. ಈ ಊರು ಆಗ ನಿಜಾಮರ ಸೀಮೆ. 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದ ಮೇಲೆ ಅದೇ ನಿಜಾಮರ ಸರಕಾರ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು.

ಅಳಿಯ ಕೊಳದ ಕಟ್ಟೆಯ ಮೇಲೆ ಕಡ್ಡಿಯಿಂದ ಗೆರೆ ಎಳೆದು, ನೀರು ಎಲ್ಲಿ ಇಳಿಯುತ್ತದೆ, ಎಲ್ಲಿ ಏರುತ್ತದೆ, ನಡುವೆ ಗಾಳಿ ಸಿಕ್ಕಿಕೊಂಡರೆ ಏನಾಗುತ್ತದೆ ಎಂದೆಲ್ಲ ವಿವರಿಸಿದ. ನಮಗೆ ಅರ್ಧ ತಿಳಿಯಿತು. ಎರಡು ತಿಂಗಳಲ್ಲಿ ಅವನು ಒಮ್ಮೆಗೆ ಇಷ್ಟು ಮಾತಾಡಿದ್ದು ಇದೇ ಮೊದಲೆಂದು ತಂಗಿ ಆಮೇಲೆ ಹೇಳಿದಳು.

"ಇದನ್ನು ಕಟ್ಟಿದವರು ಯಾರೋ?" ಎಂದು ಕೇಳಿದೆವು.

"ತುರ್ಕ್‌ತಾಜ್ ಖಾನ್ ಅಂತ ಒಬ್ಬ ಸರದಾರ."

"ಅವನಿಗೆ ಇಷ್ಟು ಇಂಜಿನಿಯರಿಂಗ್ ಗೊತ್ತಿತ್ತೆ?"

ಹುಡುಗ ನಮ್ಮ ಮುಖ ನೋಡಿ ನಕ್ಕುಬಿಟ್ಟ. "ಸರದಾರ ಅಂದೆ ಮಾಮಾ. ನಮ್ಮ ಕಾರಖಾನ್ಯಾಗೂ ಹಂಗ ಇದ್ದಾರ."

ಪುಸ್ತಕ ಅವನ ಬಳಿಯೇ ಉಳಿದಿದೆ. ವಾಚನಾಲಯಕ್ಕೆ ಹಿಂದಿರುಗಿಸುವ ದಿನ ಕಳೆದು ಹೋಯಿತೆಂದು ನೆನಪಿಸಿದರೆ, ಧುಳೆಯ ಪುಟಗಳಾದವು, ಪುಣೆಯದು ನಡೆದಿದೆ, ದಂಡ ತಾನೇ ಕಟ್ಟುತ್ತೇನೆ ಎಂದು ಉತ್ತರ ಬಂದಿದೆ. ನೌಕರಿ ಬಿಟ್ಟಿಲ್ಲ. ಜಿಗ್ಗಿನ ನಕಾಶೆಯನ್ನು ಮತ್ತೆ ಸ್ವಚ್ಛವಾಗಿ ಬರೆದು, ಮೂಲೆಯಲ್ಲಿ ತನ್ನ ಹೆಸರನ್ನೂ ತಾರೀಖನ್ನೂ ಹಾಕಿ, ಮೇಲಿನವರ ಮೇಜಿನ ಮೇಲೆ ಇಟ್ಟು ಬಂದಿದ್ದಾನಂತೆ. ಏನಾಯಿತೆಂಬುದು ಈ ಸಂಚಿಕೆ ಅಚ್ಚಿಗೆ ಹೋಗುವವರೆಗೆ ತಿಳಿದಿಲ್ಲ. ಉಪ್ಪಿನಕಾಯಿ ಮುಂದಿನ ಸಲ.