ಪರದೆ ಬದಲಿಸುವ ಮುನ್ನ ಪಾಳಿಯವನನ್ನು ಕೇಳಿ

ಸೂರತ್ ನಗರದ ದಕ್ಷಿಣ ಭಾಗದ ಪಾಂಡೇಸರಾ, ಬಟ್ಟೆಗೆ ಬಣ್ಣ ಕಟ್ಟುವ, ಅಚ್ಚು ಹಾಕುವ ಗಿರಣಿಗಳ ಕೈಗಾರಿಕಾ ವಸಾಹತು. ಇಲ್ಲಿ ಬಣ್ಣದ ನೀರು ಕಾಯುವುದಕ್ಕೂ ಹಬೆ ಬೇಕು, ಬಣ್ಣ ಬಟ್ಟೆಗೆ ಕಚ್ಚುವುದಕ್ಕೂ ಹಬೆ ಬೇಕು. ಇಷ್ಟು ಹಬೆ ಬಳಸುವ ಉದ್ಯಮಕ್ಕೆ ಒಂದು ಲೆಕ್ಕಾಚಾರ ತಾನಾಗಿ ಹೊಳೆಯುತ್ತದೆ: ಬಾಯ್ಲರಿನಿಂದ ಬರುವ ಹೆಚ್ಚು ಒತ್ತಡದ ಹಬೆಯನ್ನು ಮೊದಲು ಸಣ್ಣದೊಂದು ಟರ್ಬೈನಿಗೆ ಹಾಯಿಸಿ ಕರೆಂಟು ತೆಗೆಯುವುದು, ಒತ್ತಡ ಇಳಿದ ಹಬೆಯನ್ನು ಬಣ್ಣದ ವಿಭಾಗಕ್ಕೆ ಕಳಿಸುವುದು. ಕರ್ನಾಟಕದ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ಮಾಡುವುದೂ ಇದನ್ನೇ. ಇಂಥ ಟರ್ಬೈನುಗಳನ್ನು ತಯಾರಿಸುವ ತ್ರಿವೇಣಿ ಟರ್ಬೈನ್ ಕಂಪನಿಯ ಕಾರ್ಖಾನೆ ಬೆಂಗಳೂರಿನ ಪೀಣ್ಯದಲ್ಲಿದೆ.

ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಈ ಯಂತ್ರದ ಒಳಗೆ ಏನಾಗುತ್ತಿದೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ರಾತ್ರಿ ಪಾಳಿಯ ಆಪರೇಟರ್ ನೋಡುವುದು ಕಂಟ್ರೋಲ್ ರೂಮಿನ ಪರದೆಯನ್ನು: ಬೇರಿಂಗಿನ ಬಿಸಿ, ಲ್ಯೂಬ್ ಆಯಿಲ್ ಒತ್ತಡ, ಶಾಫ್ಟಿನ ಕಂಪನ, ವೇಗ. ಅವನ ಪಾಲಿಗೆ ಪರದೆಯೇ ಟರ್ಬೈನು. ಆದರೆ ಆ ಪರದೆಯನ್ನು ತಿದ್ದುವ ಕೆಲಸವನ್ನು ಗೋಡೆಗೆ ಸುಣ್ಣ ಬಳಿದಷ್ಟೇ ಹಗುರವಾಗಿ ಕಾಣುವ ರೂಢಿ ಇದೆ. ವಾಲ್ವ್ ಬದಲಿಸಲು ಪರ್ಮಿಟ್ ಬೇಕು, ಸಹಿ ಬೇಕು. ಪರದೆ ಬದಲಿಸಲು ಹೊರಗಿನಿಂದ ಬಂದ ಎಂಜಿನಿಯರ್, ಒಂದು ಲ್ಯಾಪ್‌ಟಾಪ್, ಒಂದು ಮಧ್ಯಾಹ್ನ ಸಾಕು. ಇದು ತಪ್ಪು. ಪರದೆ ತಿದ್ದುವುದೆಂದರೆ ಯಂತ್ರವನ್ನೇ ತಿದ್ದಿದಂತೆ. ಅದರಲ್ಲಿ ಮೊದಲ ಮಾತು ಅದರ ಮುಂದೆ ಕೂರುವವನದಾಗಬೇಕು.

ಹಬೆಯನ್ನು ತಡೆಯುವ ಸ್ಟಾಪ್ ವಾಲ್ವನ್ನೇ ತೆಗೆದುಕೊಳ್ಳಿ. ಪರದೆಯ ಮೇಲೆ ಅದರ ಚಿತ್ರ ‘ಮುಚ್ಚಿದೆ’ ಎಂದು ತೋರಿಸಲು ಎರಡು ದಾರಿಗಳಿವೆ. ಮುಚ್ಚು ಎಂಬ ಆಜ್ಞೆ ಹೋದ ಕೂಡಲೇ ಬಣ್ಣ ಬದಲಿಸಬಹುದು. ಇಲ್ಲವೇ ವಾಲ್ವಿನ ಮೈಮೇಲಿನ ಲಿಮಿಟ್ ಸ್ವಿಚ್ ಹೌದೆಂದ ಮೇಲೆ ಬದಲಿಸಬಹುದು. ಸಾಫ್ಟ್‌ವೇರಿನಲ್ಲಿ ಇದು ಒಂದೇ ಸಾಲಿನ ವ್ಯತ್ಯಾಸ. ಆದರೆ ಸಿಕ್ಕಿಕೊಂಡ ವಾಲ್ವನ್ನು ಮುಚ್ಚಿದೆ ಎಂದು ನಂಬಿ ಆಪರೇಟರ್ ಜನರೇಟರಿನ ಬ್ರೇಕರ್ ತೆಗೆದರೆ, ಹೊರೆ ಕಳಚಿದ ಟರ್ಬೈನ್ ಕೆಲವೇ ಸೆಕೆಂಡುಗಳಲ್ಲಿ ಮಿತಿಮೀರಿ ಓಡಬಹುದು.

ಆಜ್ಞೆಯನ್ನೇ ವಾಸ್ತವವೆಂದು ತೋರಿಸಿದ ದೀಪ ಎಷ್ಟು ದುಬಾರಿಯಾಗುತ್ತದೆ ಎಂಬುದಕ್ಕೆ 1979ರ ಮಾರ್ಚ್ 28ರ ತ್ರೀ ಮೈಲ್ ಐಲ್ಯಾಂಡ್ ದುರಂತವೇ ಸಾಕ್ಷಿ. ಅಮೆರಿಕದ ಆ ಅಣುಸ್ಥಾವರದಲ್ಲಿ ಒಂದು ವಾಲ್ವ್ ತೆರೆದೇ ಉಳಿದಿತ್ತು. ಫಲಕದ ದೀಪ ಮಾತ್ರ ಆರಿತ್ತು. ಅದು ತಿಳಿಸುತ್ತಿದ್ದದ್ದು ಮುಚ್ಚುವ ಸಂಕೇತ ಹೋಗಿದೆ ಎಂಬುದನ್ನಷ್ಟೇ. ಎರಡು ಗಂಟೆಗೂ ಹೆಚ್ಚು ಹೊತ್ತು ನೀರು ಸೋರಿ ರಿಯಾಕ್ಟರಿನ ಒಡಲು ಭಾಗಶಃ ಕರಗಿತು.

ತಿದ್ದುಪಡಿಯ ಇನ್ನೊಂದು ಅಪಾಯ ಅಲಾರಂಗಳದು. ಹೊಸದೊಂದು ಸೇರಿಸುವುದಕ್ಕೆ ಖರ್ಚಿಲ್ಲ, ಆದ್ದರಿಂದ ಸೇರುತ್ತಲೇ ಹೋಗುತ್ತವೆ. 1994ರಲ್ಲಿ ವೇಲ್ಸ್‌ನ ಮಿಲ್ಫರ್ಡ್ ಹೇವನ್ ತೈಲ ಶುದ್ಧೀಕರಣಾಗಾರ ಸ್ಫೋಟಗೊಳ್ಳುವ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂಗಳು ಬಂದವು. ಯಾವುದನ್ನು ಓದುವುದು, ಯಾವುದನ್ನು ಬಿಡುವುದು?

ಬಣ್ಣವೂ ಸಣ್ಣ ವಿಷಯವಲ್ಲ. ವಿದ್ಯುತ್ ಸ್ಥಾವರಗಳ ಹಳೆಯ ರೂಢಿಯಲ್ಲಿ ಕೆಂಪು ಎಂದರೆ ಚಾಲೂ, ಹಸಿರು ಎಂದರೆ ಬಂದ್. ಬೇರೆ ಅನೇಕ ಕಾರ್ಖಾನೆಗಳಲ್ಲಿ ಇದು ತಿರುಗುಮುರುಗು. ಥರ್ಮಲ್ ಸ್ಥಾವರದಲ್ಲಿ ಪಳಗಿದವನು ಗಿರಣಿಗೆ ಬಂದರೆ ಅವನ ಕಣ್ಣು ಹಳೆಯ ಅರ್ಥವನ್ನೇ ಓದುತ್ತದೆ. ಭಾಷೆಯ ಕಥೆಯೂ ಇದೇ. ಪಾಂಡೇಸರಾದ ದುಡಿಮೆಗಾರರಲ್ಲಿ ಒಡಿಶಾ, ಉತ್ತರ ಪ್ರದೇಶ, ಬಿಹಾರ, ಮಹಾರಾಷ್ಟ್ರಗಳಿಂದ ಬಂದವರು ಬಹಳ. ಪಾಳಿಯಲ್ಲಿ ಹಿಂದಿ ಆಡುವವರಿಗೆ ಇಂಗ್ಲಿಷಿನ ಮೊಟಕು ಅಕ್ಷರಗಳಲ್ಲೇ ಎಚ್ಚರಿಕೆ ಕೊಡಬೇಕೆಂದು ಯಾವ ಯಂತ್ರವೂ ಕೇಳಿಲ್ಲ. ಮಂಡ್ಯದ, ಬೆಳಗಾವಿಯ ಕಾರ್ಖಾನೆಗಳ ಪರದೆಗಳಲ್ಲಿ ಕನ್ನಡ ಯಾಕಿರಬಾರದು ಎಂಬ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ.

ಮಾಲೀಕರ ಕಡೆಯ ಮಾತಿನಲ್ಲೂ ಹುರುಳಿದೆ. ಹೊರಗಿನ ಎಂಜಿನಿಯರ್‌ನ ಒಂದೊಂದು ದಿನಕ್ಕೂ ದುಡ್ಡು ತೆರಬೇಕು. ಹತ್ತು ಜನರನ್ನು ಕೇಳಿದರೆ ಹತ್ತು ಅಭಿಪ್ರಾಯ ಬರುತ್ತವೆ. ಎಷ್ಟು ಕೆಟ್ಟದ್ದಾದರೂ ಹಳೆಯ ಪರದೆಯೇ ಇರಲಿ ಎನ್ನುವವರೂ ಇರುತ್ತಾರೆ. ಹಾಗಾಗಿ ಕೊನೆಯ ತೀರ್ಮಾನ ಎಂಜಿನಿಯರ್‌ನದೇ ಇರಲಿ. ಆದರೆ ಪ್ರತಿ ಪಾಳಿಯಿಂದ ಒಬ್ಬ ಆಪರೇಟರ್ ಅರ್ಧ ದಿನ ಪಕ್ಕದಲ್ಲಿ ಕೂತು ನೋಡುವುದಕ್ಕೆ ಆಗುವ ಖರ್ಚು, ಒಂದು ಅನಗತ್ಯ ಟ್ರಿಪ್‌ನಿಂದ ಹಬೆಯಿಲ್ಲದೆ ಅರ್ಧಕ್ಕೆ ನಿಂತು ಕೆಡುವ ಬಟ್ಟೆಯ ಮುಂದೆ ದೊಡ್ಡದಲ್ಲ.

ಬೇಕಾಗಿರುವುದು ದೊಡ್ಡ ಯೋಜನೆಯೇನಲ್ಲ. ತಿದ್ದುವ ಮುನ್ನ ಹಳೆಯದರ ಬ್ಯಾಕಪ್ ಇಡಬೇಕು. ಹೊಸ ಪರದೆಯನ್ನು ಓಡುತ್ತಿರುವ ಟರ್ಬೈನಿನ ಮೇಲೆ ಪ್ರಯೋಗಿಸದೆ ಬೇರೆ ಕಂಪ್ಯೂಟರಿನಲ್ಲಿ ಪರೀಕ್ಷಿಸಬೇಕು. ಪ್ರತಿ ಚಿತ್ರವೂ ಆಜ್ಞೆಯನ್ನಲ್ಲ, ಯಂತ್ರದ ನಿಜಸ್ಥಿತಿಯನ್ನೇ ತೋರಿಸುತ್ತಿದೆಯೇ ಎಂದು ಯಂತ್ರ ನಿಂತಾಗ ವಾಲ್ವಿನ ಬಳಿ ಹೋಗಿ ತಾಳೆ ನೋಡಬೇಕು. ಏನು ಬದಲಾಯಿತು, ಯಾಕೆ ಎಂಬುದನ್ನು ಲಾಗ್ ಪುಸ್ತಕದಲ್ಲಿ ಬರೆದು, ಎಲ್ಲ ಪಾಳಿಯ ಆಪರೇಟರುಗಳ ಸಹಿ ಪಡೆಯಬೇಕು. ರಾತ್ರಿ ಎರಡು ಗಂಟೆಗೆ ಅಲಾರಂ ಕೂಗಿದಾಗ ಅಲ್ಲಿರುವವನು ಅವನೊಬ್ಬನೇ. ಆಗ ಎಂಜಿನಿಯರ್‌ನ ಫೋನ್ ಸ್ವಿಚ್ ಆಫ್ ಆಗಿರಬಹುದು.