ಹೆಸರಿಲ್ಲದ ಧ್ವನಿಸುರುಳಿಗಳು

ಕಡಬದ ಸುತ್ತಮುತ್ತಣ ಊರುಗಳಲ್ಲಿ ತಾಳಮದ್ದಳೆಯ ಹಳೆಯ ಕ್ಯಾಸೆಟ್ಟುಗಳನ್ನು ಕೂಡಿಡುವ ರಸಿಕರು ಈಗಲೂ ಉಂಟು. ಅಂಗಡಿಯಲ್ಲಿ ಬಿಕರಿಯಾದವುಗಳಿಗೆ ಇವರಲ್ಲಿ ಅಷ್ಟು ಬೆಲೆಯಿಲ್ಲ. ಯಾರೋ ಅಭಿಮಾನಿ ಕೂಟದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದುಕೊಂಡದ್ದು, ಅದರಲ್ಲಿಯೂ ಪ್ರಸಿದ್ಧ ಅರ್ಥಧಾರಿಯೊಬ್ಬರ ಆರಂಭದ ದಿನಗಳದ್ದು ಎಂದರೆ ಅದೊಂದು ನಿಧಿಯೇ ಸರಿ.

ಈ ಹುಚ್ಚನ್ನು ನಾನು ಹಗುರವಾಗಿ ಕಾಣುವವನಲ್ಲ. ಪ್ರಸಂಗದ ಪದ್ಯಗಳು ಅಚ್ಚಾದ ಪುಸ್ತಕದಲ್ಲಿ ದೊರೆಯುತ್ತವೆ. ಅರ್ಥವಾದರೋ ಆಶುವಾಗಿ ಹುಟ್ಟಿ ಆ ರಾತ್ರಿಗೇ ಮುಗಿಯತಕ್ಕದ್ದು. ಶೇಣಿ ಗೋಪಾಲಕೃಷ್ಣ ಭಟ್ಟರು ಎರಡು ಊರುಗಳಲ್ಲಿ ಆಡಿದ ವಾಲಿಯ ಮಾತು ಒಂದೇ ಆಗಿರಲಾರದು. ಆದುದರಿಂದ ಇಂಥ ಕ್ಯಾಸೆಟ್ಟೆಂದರೆ ಒಂದು ಕೃತಿಯ ಏಕೈಕ ಹಸ್ತಪ್ರತಿ. (ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು ನಲವತ್ತೈದು ನಿಮಿಷಕ್ಕೆ ಮುಗಿಯುತ್ತದೆ, ಸಂವಾದ ಕಾವೇರಿದಾಗಲೇ ಮುಗಿಯುವುದು ಅದರ ಜಾಯಮಾನ!) ಆರಂಭದ ದಿನಗಳದ್ದಕ್ಕೆ ಬೇರೆಯೇ ಬೆಲೆಯುಂಟು: ಮುಂದೆ ತನ್ನದೇ ಶೈಲಿಯೆಂದು ಹೆಸರಾಗುವ ಮಾತು ಇನ್ನೂ ಹಿರಿಯರ ದಾರಿಯಲ್ಲಿ ತಡಕಾಡುತ್ತಿರುವುದನ್ನು ಅಲ್ಲಿ ಕೇಳಬಹುದು.

ಆದರೆ 'ಇದು ನನ್ನಲ್ಲಿ ಮಾತ್ರ ಇದೆ' ಎಂಬ ಹೆಮ್ಮೆಯ ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ನಮ್ಮ ಮಳೆಗಾಲದ ತೇವಕ್ಕೆ ಟೇಪಿಗೆ ಬೂಸಲು ಹಿಡಿಯುತ್ತದೆ. ಬೀಗ ಹಾಕಿದ ಕಪಾಟು ಅದನ್ನು ತಡೆಯದು. ಅದಕ್ಕಿಂತ ದೊಡ್ಡ ಕೊರತೆ ಹೆಸರಿನದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮೊಫೋನಿಗೆ ಹಾಡಿದಾಗ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಘೋಷಿಸಿದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅಲ್ಲಿನವರಿಗೆ ತಿಳಿಯಬೇಕಿತ್ತು. ಮೈಸೂರಿನ ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅವರು ತೀರಿಕೊಂಡರು. ಆ ಘೋಷಣೆ ಮಾತ್ರ ಇಂದಿಗೂ ಕೇಳುತ್ತದೆ. ನಮ್ಮ ಕ್ಯಾಸೆಟ್ಟುಗಳ ಮೇಲಾದರೋ 'ವಾಲಿ, ಒಳ್ಳೆಯದುಂಟು' ಎಂದಷ್ಟೇ ಬರೆದಿರುತ್ತದೆ. ಭಾಗವತರು ಯಾರು, ಮದ್ದಳೆ ಯಾರದು, ಸುಗ್ರೀವನ ಅರ್ಥ ಹೇಳಿದವರು ಯಾರು, ಯಾವ ಊರು, ಯಾವ ವರ್ಷ? ಓಲೆಗರಿ ಪ್ರತಿ ಮಾಡುತ್ತಿದ್ದ ಎಷ್ಟೋ ಲಿಪಿಕಾರರು ಕೊನೆಯ ಗರಿಯಲ್ಲಿ ತಮ್ಮ ಹೆಸರನ್ನೂ ತಿಥಿಯನ್ನೂ ಬರೆದಿಟ್ಟಿರದಿದ್ದರೆ ನಮ್ಮ ಗ್ರಂಥಸಂಪಾದಕರ ಪಾಡು ಏನಾಗುತ್ತಿತ್ತು!

ಟೇಪನ್ನು ಕಂಪ್ಯೂಟರಿಗೆ ಇಳಿಸಿ ನಾಲ್ಕು ಮನೆಗೆ ಹಂಚುವುದು ಈಗ ಕಷ್ಟದ ಕೆಲಸವಲ್ಲ. ಧ್ವನಿ ಕೇಳಿಯೇ ಇಂಥವರೆಂದು ಹೇಳಬಲ್ಲ ಹಿರಿಯರು ಊರಿನಲ್ಲಿ ಇನ್ನೂ ಕೆಲವರಿದ್ದಾರೆ. ಕ್ಯಾಸೆಟ್ಟು ಮೊದಲು ಹೋಗಬೇಕಾದುದು ಅವರ ಜಗಲಿಗೆ.