ಟಯರು ಬದಲಿಸಿದರೆ ಸಾಲದು

ನಮ್ಮ ನಾರಾಯಣಖೇಡ 1956ರವರೆಗೆ ಬೀದರ ಜಿಲ್ಲೆಯಲ್ಲಿತ್ತು. ನಮ್ಮ ನೆಂಟಸ್ತಿಕೆ ಇಂದಿಗೂ ಅಲ್ಲೇ. ಆ ಓಡಾಟಕ್ಕೆಂದು ನಾವು ಹಳೆಯ ಕಾರೊಂದನ್ನು ಕೊಂಡೆವು. ಬಣ್ಣ ನೋಡಿದೆವು, ಬಗ್ಗಿ ಚಕ್ರ ನೋಡಲಿಲ್ಲ. ಮುಂದಿನ ಟಯರುಗಳ ಒಳ ಅಂಚು ಮಾತ್ರ ಸವೆದು ತಂತಿ ಕಂಡಿತು. ಹೊಸವನ್ನು ಹಾಕಿಸಿದೆವು, ಅವೂ ಹಾಗೆಯೇ ಸವೆದವು. ದೋಷ ಟಯರಿನದಲ್ಲ, ಬುಶ್ಶು, ಬಾಲ್ ಜಾಯಿಂಟುಗಳು ಸಡಿಲಾಗಿ ಚಕ್ರ ಓರೆಯಾಗಿತ್ತು.

ಎರಡೂ ಅಂಚು ಸವೆದರೆ ಗಾಳಿ ಕಡಿಮೆ, ನಡುವೆ ಸವೆದರೆ ಹೆಚ್ಚು, ಅಲ್ಲಲ್ಲಿ ತಗ್ಗು ಬಿದ್ದರೆ ಹೆಚ್ಚಾಗಿ ಶಾಕ್ ಅಬ್ಸಾರ್ಬರ್ ಸೋತಿದೆ ಎಂದರ್ಥ. ಮೊದಲು ಸವೆದ ಭಾಗ, ಆಮೇಲೆ ಟಯರು, ಕೊನೆಗೆ ಅಲೈನ್‌ಮೆಂಟ್: ಕ್ರಮ ಇದೇ ಆಗಬೇಕು. ಈ ಖರ್ಚಿಗೆ ಹಿಂಜರಿಯುವವರು ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದಾರೆಂದು ಒಮ್ಮೆ ತಿರುಗಿ ನೋಡಲಿ.